ಕಣ್ಣೀರು ಫಣಿಯಮ್ಮನಿಗೆ, ಸಿಟ್ಟು ಅನಿತಾ ಮೇಲೆ

ಈ ಮಳೆಗಾಲದಲ್ಲಿ ಎರಡು ಪುಸ್ತಕ ಬೆನ್ನುಬೆನ್ನಿಗೆ ಓದಿ ಮುಗಿಸಿದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’, ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಒಂದು 1976ರದು, ಇನ್ನೊಂದು 2013ರದು. ಎರಡೂ ತೆಳ್ಳಗಿನ ಪುಸ್ತಕಗಳೇ. ಮೊದಲನೆಯದನ್ನು ಓದುತ್ತ ಸೆರಗು ಒದ್ದೆಯಾಗುವಷ್ಟು ಅತ್ತುಬಿಟ್ಟೆ. ಎರಡನೆಯದನ್ನು ನಗುನಗುತ್ತ ಓದಿ, ಮುಗಿಸುವ ಹೊತ್ತಿಗೆ ಸಿಡಿಮಿಡಿಗೊಂಡಿದ್ದೆ. ಅತ್ತದ್ದರ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು, ಈ ವಯಸ್ಸಿನಲ್ಲೂ ಮನಸ್ಸು ಮೆತ್ತಗಿದೆಯಲ್ಲ ಎಂದು. ಆ ಸಿಡಿಮಿಡಿ ಯಾಕೆಂದು ಮಾತ್ರ ಬಗೆಹರಿಯಲಿಲ್ಲ. ಅದನ್ನು ಕೆದಕುತ್ತ ಹೋದರೆ ಹೆಮ್ಮೆಯ ಬುಡವೂ ಅಲ್ಲಾಡಿತು.

ಫಣಿಯಮ್ಮನ ಕತೆ ಗೊತ್ತಿಲ್ಲದವರಿಗಾಗಿ ಎರಡು ಮಾತು. 1840ರಲ್ಲಿ ಮಲೆನಾಡಿನ ದೊಡ್ಡ ಕುಟುಂಬವೊಂದರಲ್ಲಿ ಹುಟ್ಟಿದವಳು. ಆಟವಾಡುವ ವಯಸ್ಸಿನಲ್ಲಿ ಮದುವೆ. ಗಂಡ ಅನ್ನಿಸಿಕೊಂಡ ಹುಡುಗ ಹಾವು ಕಚ್ಚಿ ಸತ್ತ. ಮೈನೆರೆಯುವವರೆಗೆ ಕಾದಿದ್ದು ಹಿರಿಯರು ತಲೆ ಬೋಳಿಸಿದರು. ಆಮೇಲೆ ಮಡಿ ಸೀರೆ, ಒಪ್ಪೊತ್ತಿನ ಊಟ, ಮುಗಿಯದ ಚಾಕರಿ. 1952ರಲ್ಲಿ ತೀರಿಕೊಂಡಾಗ 112 ವರ್ಷ. ಇಂದಿರಾ ಬರೆದದ್ದು ತಮ್ಮದೇ ಬಂಧುಬಳಗದಲ್ಲಿ ಬಾಳಿ ಹೋದ ನಿಜವಾದ ಜೀವದ ಬಗ್ಗೆ. ಅವರು ಬರೆಯಲು ಕೂತದ್ದೇ ನಲವತ್ತು ದಾಟಿದ ಮೇಲೆ. ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. ಅದಕ್ಕೇ ಇರಬೇಕು, ‘ಫಣಿಯಮ್ಮ’ದಲ್ಲಿ ಕಟ್ಟಿ ನಿಲ್ಲಿಸಿದ ಕಸುಬುಗಾರಿಕೆ ಕಾಣುವುದಿಲ್ಲ. ಜಗಲಿಯಲ್ಲಿ ಹೂಬತ್ತಿ ಹೊಸೆಯುತ್ತ ಹಿರಿಯರೊಬ್ಬರು ಹೇಳುತ್ತ ಹೋದಂತಿದೆ. ನಡುನಡುವೆ ಲೇಖಕಿಯೇ ಬಂದು ಹೀಗಾಗಬಾರದಿತ್ತು ಎಂದು ತೀರ್ಪು ಕೊಡುತ್ತಾರೆ. ಬೇರೆ ಪುಸ್ತಕದಲ್ಲಾದರೆ ಕಿರಿಕಿರಿಯಾಗುತ್ತಿತ್ತು, ಇಲ್ಲಿ ಆಗಲಿಲ್ಲ.

ನನ್ನ ತವರೂ ಆ ಕಡೆಯದೇ. ನಮ್ಮ ಮನೆಯಲ್ಲೂ ಒಬ್ಬರು ಮಡಿ ಅಜ್ಜಿ ಇದ್ದರು, ಅಜ್ಜನ ಅಕ್ಕ. ಮಕ್ಕಳು ಅವರನ್ನು ಮುಟ್ಟುವ ಹಾಗಿರಲಿಲ್ಲ. ಉಪ್ಪಿನಕಾಯಿ, ಹಪ್ಪಳ, ಬಾಣಂತನ, ರೋಗಿಯ ಆರೈಕೆ ಎಲ್ಲ ಅವರ ಕೈಯಲ್ಲೇ ಆಗಬೇಕು. ‘ಅತ್ತಿಗೆಗೆ ಬಾಯಿಯೇ ಇಲ್ಲ’ ಎನ್ನುವುದು ನಮ್ಮ ಅಜ್ಜಿಯ ಹೊಗಳಿಕೆ. ನಾನೂ ಅದನ್ನು ಹೊಗಳಿಕೆ ಎಂದೇ ಕೇಳಿ ಬೆಳೆದೆ. ಫಣಿಯಮ್ಮನ ಪುಟಗಳಲ್ಲಿ ಅವರನ್ನೇ ಕಂಡೆ, ಅದಕ್ಕೇ ಅಳು ಬಂತು ಎಂದು ಮೊದಲು ಅಂದುಕೊಂಡಿದ್ದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಅತ್ತು ಮುಗಿದ ಮೇಲೆ ಮೈ ಹಗುರಾಯಿತು, ಒಂದು ಲೋಟ ಕಾಫಿ ಕುಡಿದು ತೃಪ್ತಿಯಿಂದ ಮಲಗಿದೆ. ನಿಜವಾಗಿ ಆ ಅಜ್ಜಿಗಾಗಿ ಅತ್ತಿದ್ದರೆ ಅಷ್ಟು ಸಲೀಸಾಗಿ ನಿದ್ದೆ ಹತ್ತಬಾರದಿತ್ತು.

ಫಣಿಯಮ್ಮನಿಗೆ ಅನ್ಯಾಯ ಮಾಡಿದವರೆಲ್ಲ ಸತ್ತು ಹೋಗಿದ್ದಾರೆ. ತಲೆ ಬೋಳಿಸುವ ಆ ಪದ್ಧತಿಯೂ ನಮ್ಮ ಮನೆಗಳಿಂದ ಹೋಯಿತು. ಅವರನ್ನು ಬೈಯುವುದಕ್ಕೆ ಇವತ್ತು ನಾನು ಏನನ್ನೂ ಕಳೆದುಕೊಳ್ಳಬೇಕಿಲ್ಲ, ಕೈಯಿಂದ ಒಂದು ಬಳೆಯನ್ನೂ ತೆಗೆದುಕೊಡಬೇಕಿಲ್ಲ. ಅದಕ್ಕಿಂತ ಹೆಚ್ಚಾಗಿ, ಫಣಿಯಮ್ಮ ಯಾರನ್ನೂ ದೂರುವುದಿಲ್ಲ. ಎಲ್ಲವನ್ನೂ ನುಂಗಿ, ಹೆರಿಗೆಯಲ್ಲಿ ನರಳುತ್ತಿದ್ದ ಕೆಳಜಾತಿಯ ಹೆಣ್ಣಿಗೆ ಮಡಿ ಬದಿಗಿಟ್ಟು ನೆರವಾಗುವಷ್ಟು ದೊಡ್ಡವಳಾಗಿ ಬೆಳೆಯುತ್ತಾಳೆ. ಹಾಗೆ ಬೆಳೆದವಳ ಮುಂದೆ ಕೈಮುಗಿದು ನಿಲ್ಲುವುದು ಸುಲಭ. ನಮಸ್ಕಾರ ಹಾಕಿದವರನ್ನು ಆಕೆ ತಿರುಗಿ ಏನೂ ಕೇಳುವುದಿಲ್ಲ.

ಇನ್ನು ‘ಘಾಚರ್ ಘೋಚರ್’. ಬೆಂಗಳೂರಿನ ಇಕ್ಕಟ್ಟಾದ ಮನೆಯಲ್ಲಿ ಇರುವೆಗಳ ಕಾಟದ ನಡುವೆ ಬದುಕಿದ್ದ ಕುಟುಂಬಕ್ಕೆ, ಚಿಕ್ಕಪ್ಪ ಶುರು ಮಾಡಿದ ಸೋನಾ ಮಸಾಲಾ ವ್ಯಾಪಾರದಿಂದ ದಿಢೀರನೆ ದುಡ್ಡು ಬರುತ್ತದೆ. ಕತೆ ಹೇಳುವವನಿಗೆ ಹೆಸರಿಲ್ಲ. ಕಂಪನಿಯಲ್ಲಿ ಅವನಿಗೊಂದು ಹುದ್ದೆಯಿದೆ, ಮಾಡಲು ಕೆಲಸವಿಲ್ಲ. ಕಾಫಿ ಹೌಸಿನಲ್ಲಿ ಕೂತು, ವಿನ್ಸೆಂಟ್ ಎಂಬ ಮಾಣಿ ಆಡುವ ಒಂದೊಂದು ಮಾತಿನಲ್ಲೂ ತತ್ವ ಹುಡುಕುತ್ತಾನೆ. ಅವನ ಹೆಂಡತಿ ಅನಿತಾ. ಮನೆಯ ಅನ್ನ ಎಲ್ಲಿಂದ ಬರುತ್ತದೆ, ಗಂಡ ದುಡಿಯುವುದೇನು, ಚಿಕ್ಕಪ್ಪನ ಮಾತಿಗೆ ಎಲ್ಲರೂ ಯಾಕೆ ತಲೆಬಾಗುತ್ತಾರೆ ಎಂಬುದನ್ನೆಲ್ಲ ಬಾಯಿಬಿಟ್ಟು ಕೇಳುವವಳು.

ಮೊದಲ ಅರ್ಧ ಓದುವಾಗ ನನಗೆ ಬಂದ ನಗು ಗುರುತಿನ ನಗು. ಮೊದಲ ಸಲ ಗ್ಯಾಸ್ ಒಲೆ ಮನೆಗೆ ಬರುವ ಸಡಗರ, ಅಪ್ಪ ಲೆಕ್ಕ ಒಪ್ಪಿಸಲು ಕೂತರೆ ಇಡೀ ಮನೆ ಉಸಿರು ಬಿಗಿಹಿಡಿಯುವುದು, ಒಂದೊಂದು ರೂಪಾಯಿಗೂ ಎಲ್ಲರ ಒಪ್ಪಿಗೆ ಬೇಕಾಗಿದ್ದ ದಿನಗಳು ಎಲ್ಲ ನಮ್ಮದೂ ಹೌದು. ಈ ಮಂದಿಯ ಜೊತೆ ನಾನೂ ಚಾಪೆಯ ಮೇಲೆ ಕೂತುಬಿಟ್ಟೆ. ಶಾನಭಾಗರ ಜಾಣತನ ಇರುವುದು ಇಲ್ಲೇ. ಕೂರಿಸುವುದಕ್ಕೆ ಅವರು ಅವಸರ ಮಾಡುವುದಿಲ್ಲ; ಕೂತ ಮೇಲೆ ಎದ್ದುಹೋಗಲು ಬಿಡುವುದಿಲ್ಲ. ಚಿಕ್ಕಪ್ಪನನ್ನು ಕೇಳಿಕೊಂಡು ಅಡಿಗೆಯ ಡಬ್ಬಿ ಹಿಡಿದು ಒಬ್ಬ ಹೆಂಗಸು ಮನೆಯ ತನಕ ಬರುತ್ತಾಳೆ. ಮನೆಯ ಹೆಂಗಸರು ಅವಳನ್ನು ಬಾಯಿಗೆ ಬಂದಂತೆ ಬೈದು ಓಡಿಸುತ್ತಾರೆ. ಗಂಡಸರು ಸುಮ್ಮನಿರುತ್ತಾರೆ. ಆ ಪುಟದಲ್ಲಿ ನಾನು ಯಾರ ಪಕ್ಕ ನಿಂತಿದ್ದೆ? ಹೇಳಿಬಿಡುತ್ತೇನೆ: ಒಳಗಿನವರ ಪಕ್ಕ. ‘ಹೀಗೆ ಬೀದಿಯಲ್ಲಿ ನಿಂತು ಮನೆಯ ಮಾನ ತೆಗೆದರೆ ಇನ್ನೇನು ಮಾಡುತ್ತಾರೆ’ ಎಂಬ ಮಾತು ಮನಸ್ಸಿನಲ್ಲಿ ಹಾದುಹೋಯಿತು.

ಪುಸ್ತಕ ಕೊಟ್ಟವಳು ನನ್ನ ಸೊಸೆ. ಮುಗಿಸಿದ ದಿನ ಕೇಳಿದಳು.

“ಹೇಗಿತ್ತು ಅತ್ತೆ?”

“ಚೆನ್ನಾಗಿ ಬರೆದಿದ್ದಾರೆ. ಆದ್ರೆ ಆ ಹುಡುಗಿಗೆ ಸ್ವಲ್ಪ ಹೊಂದ್ಕೊಂಡು ಹೋಗೋ ಬುದ್ಧಿ ಇದ್ದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ.”

ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. “ಯಾವುದಕ್ಕೆ ಹೊಂದ್ಕೋಬೇಕಿತ್ತು ಅತ್ತೆ?” ಎಂದಷ್ಟೇ ಕೇಳಿ ಒಗೆದ ಬಟ್ಟೆ ಮಡಚತೊಡಗಿದಳು.

ಜಗಳವೇನೂ ಆಗಲಿಲ್ಲ. ನಮ್ಮಿಬ್ಬರ ನಡುವೆ ಜಗಳ ಆಗುವುದೂ ಕಡಿಮೆ. ನಾನು ಒಳ್ಳೆಯ ಅತ್ತೆ ಎಂದು ನೆಂಟರಿಷ್ಟರಲ್ಲಿ ಹೆಸರು ಪಡೆದವಳು. ಆ ಹೆಸರನ್ನು ಪ್ರಯತ್ನಪಟ್ಟೇ ಗಳಿಸಿದ್ದೇನೆ: ಸೊಸೆಯ ಉಡುಗೆಯ ಬಗ್ಗೆ ಮಾತಾಡುವುದಿಲ್ಲ, ಅವಳ ಸಂಬಳ ಕೇಳುವುದಿಲ್ಲ, ಅಡಿಗೆ ಇಂಥದ್ದೇ ಆಗಬೇಕು ಎನ್ನುವುದಿಲ್ಲ. ಆದರೆ ಅವಳು ಒಂದು ಪ್ರಶ್ನೆ ಕೇಳಿದಾಗ ಮೊದಲು ನನ್ನ ಕಿವಿಗೆ ಬಿದ್ದದ್ದು ಪ್ರಶ್ನೆಯಲ್ಲ, ಎದುರು ಮಾತು. ಅನಿತಾ ಬಾಯಿ ತೆರೆದಾಗಲೆಲ್ಲ ಪುಸ್ತಕದಲ್ಲೂ ನನಗೆ ಆಗಿದ್ದು ಅದೇ. ಅವಳು ಹೇಳುವುದು ಸರಿಯೋ ತಪ್ಪೋ ಎಂದು ತೂಗುವ ಮೊದಲೇ ಅವಳ ದನಿ ಜೋರಾಯಿತು ಎಂದು ತೀರ್ಮಾನಿಸಿದ್ದೆ. ತಮಾಷೆಯೆಂದರೆ ಅಚ್ಚಾದ ಪುಟದಲ್ಲಿ ದನಿ ಎಲ್ಲಿರುತ್ತದೆ? ಅವಳ ಮಾತು ನಮಗೆ ತಲುಪುವುದು ಗಂಡನ ಬಾಯಿಂದ. ಅವನಿಗೆ ಅನುಕೂಲವಾದಷ್ಟು ಎತ್ತರದಲ್ಲೇ ಕೇಳಿಸುತ್ತದೆ.

ಆ ಗಂಡನೂ ಬಾಯಿಯಿಲ್ಲದವನೇ. ಇದು ನನಗೆ ಆಮೇಲೆ ಹೊಳೆಯಿತು. ಫಣಿಯಮ್ಮನೂ ಸುಮ್ಮನಿದ್ದಳು, ಇವನೂ ಸುಮ್ಮನಿರುತ್ತಾನೆ. ಅವಳ ಮೌನದಲ್ಲಿ ಸವೆದದ್ದು ಅವಳದೇ ಆಯುಷ್ಯ. ಇವನ ಮೌನದ ಬೆಲೆ ತೆರುವವರು ಬೇರೆ: ಡಬ್ಬಿ ಹಿಡಿದು ಬಂದ ಹೆಂಗಸು, ಹೆಂಡತಿ. ಫಣಿಯಮ್ಮ, ಈ ಗಂಡ ಇಬ್ಬರನ್ನೂ ನಾನು ‘ಸಾಧು’ ಎಂಬ ಒಂದೇ ಮಾತಿನಲ್ಲಿ ಮೆಚ್ಚಿಕೊಂಡು ಓದಿದ್ದೆನಲ್ಲ! ಕಾಫಿ ಹೌಸಿನಲ್ಲಿ ಕೂತು ಕೊರಗುವ ಅವನ ಸಂಕಟಕ್ಕೆ ಮರುಗಿದ ನಾನು, ಅವನ ಹೆಂಡತಿ ಊರಿಗೆ ಹೋಗಿ ತಿರುಗಿ ಬಂದಳೋ ಇಲ್ಲವೋ ಎಂಬ ಭಯ ಕೊನೆಯಲ್ಲಿ ಏಳುವಾಗಲೂ ಅವನಿಗೇ ಮರುಗುತ್ತಿದ್ದೆ. ಆ ಮನೆಯ ಮಂದಿ ಏನು ಮಾಡಿರಬಹುದು ಎಂದು ಲೇಖಕರು ಹೇಳುವುದಿಲ್ಲ. ಹೇಳದೆ ಬಿಟ್ಟದ್ದನ್ನು ಓದುವವರು ತುಂಬಿಕೊಳ್ಳಬೇಕು. ನಾನು ತುಂಬಿಕೊಂಡದ್ದು ‘ಛೇ, ಅಂಥವರಲ್ಲ ಬಿಡು’ ಎಂಬ ಸಮಾಧಾನವನ್ನು. ಇರುವೆಗಳನ್ನು ಆ ಮನೆಯವರು ಎಷ್ಟು ಹುರುಪಿನಿಂದ ಕೊಲ್ಲುತ್ತಿದ್ದರು ಎಂದು ಓದಿ ನಕ್ಕವಳು ಹೀಗೆ ಅಂದುಕೊಂಡದ್ದು.

ಹಾಗಾದರೆ ‘ಫಣಿಯಮ್ಮ’ ಕಣ್ಣೀರಿನ ಸುಲಭ ಪುಸ್ತಕ, ‘ಘಾಚರ್ ಘೋಚರ್’ ಅದನ್ನು ಮೀರಿಸಿದ್ದು ಎಂದು ಹೇಳುತ್ತಿದ್ದೇನೆಯೇ? ಹಾಗೆ ಹೇಳಿದರೆ ಇಂದಿರಾ ಅವರಿಗೆ ಅನ್ಯಾಯ. 1983ರಲ್ಲಿ ಪ್ರೇಮಾ ಕಾರಂತರು ಈ ಕಾದಂಬರಿಯನ್ನು ಸಿನಿಮಾ ಮಾಡಿದಾಗಲೂ ನಾವು ಹೆಂಗಸರು ಗುಂಪಾಗಿ ಹೋಗಿ ಅತ್ತು ಬಂದಿದ್ದೆವು. ಅತ್ತವರ ಮನೆಗಳಲ್ಲಿ ಆ ಸಂಜೆ ಏನೂ ಬದಲಾಗಲಿಲ್ಲ ಎಂಬುದಕ್ಕೆ ಪುಸ್ತಕವನ್ನು ದೂರಿ ಪ್ರಯೋಜನವಿಲ್ಲ. ಸೊಸೆಯ ಪ್ರಶ್ನೆಯಾದ ಮೇಲೆ ‘ಫಣಿಯಮ್ಮ’ವನ್ನು ಮತ್ತೆ ತೆರೆದೆ. ಈ ಸಲ ದಾಕ್ಷಾಯಿಣಿಯ ಭಾಗಕ್ಕೆ ಹೋದೆ. ಮೊದಲ ಓದಿನಲ್ಲಿ ಆ ಪುಟಗಳನ್ನು ಬೇಗಬೇಗ ಮಗುಚಿದ್ದೆ, ಅಳು ಬಾರದ ಪುಟಗಳು ಅವು. ದಾಕ್ಷಾಯಿಣಿ ಎಳೆಯ ವಿಧವೆ. ತಲೆ ಬೋಳಿಸಿಕೊಳ್ಳಲು ಒಪ್ಪುವುದಿಲ್ಲ. ಕಿರುಚುತ್ತಾಳೆ, ತಿರುಗಿ ಬೀಳುತ್ತಾಳೆ. ಅವಳ ಮುಂದಿನ ಬದುಕು ನಮ್ಮ ಮನೆಯ ಹಿರಿಯರು ಮೆಚ್ಚುವಂಥದ್ದಲ್ಲ. ಅವಳಿಗೆ ಕೈಮುಗಿಯುವ ಮನಸ್ಸು ಯಾರಿಗೂ ಬಾರದು, ನನಗೂ ಬಂದಿರಲಿಲ್ಲ.

ಆದರೆ ಫಣಿಯಮ್ಮ ನಿಂತದ್ದು ಅವಳ ಪರವಾಗಿ. ಎಲ್ಲವನ್ನೂ ಅನುಭವಿಸಿ ಮುಗಿಸಿದ ಮುದುಕಿ, ಈ ಹುಡುಗಿಗೆ ಅದು ಬೇಡ ಎನ್ನುತ್ತಾಳೆ. ನಾನು ತಾಳಿಕೊಂಡೆ, ನೀನೂ ತಾಳಿಕೋ ಎನ್ನುವುದಿಲ್ಲ. ನಮ್ಮ ಮನೆಗಳಲ್ಲಿ ಹಿರಿಯ ಹೆಂಗಸರು ಕಿರಿಯರಿಗೆ ಹೇಳುತ್ತ ಬಂದದ್ದು ಆ ಎರಡನೆಯ ಮಾತನ್ನೇ, ನಾನೂ ಬೇರೆ ಬೇರೆ ರೂಪದಲ್ಲಿ ಹೇಳಿದ್ದೇನೆ. ನಾನು ಯಾರ ಮೌನವನ್ನು ಪೂಜಿಸುತ್ತ ಅತ್ತೆನೋ ಆಕೆಯೇ ನನ್ನ ಪಕ್ಷದಲ್ಲಿರಲಿಲ್ಲ. ‘ಘಾಚರ್ ಘೋಚರ್’ ಮನೆಯ ಬಾಗಿಲಲ್ಲಿ ಫಣಿಯಮ್ಮ ನಿಂತಿದ್ದರೆ ಡಬ್ಬಿ ಹಿಡಿದವಳನ್ನು ಒಳಗೆ ಕರೆದು ಮೊದಲು ನೀರು ಕೊಡುತ್ತಿದ್ದಳು ಎಂದು ನನಗೆ ಅನ್ನಿಸುತ್ತದೆ. ಇದು ಬರೀ ಕಲ್ಪನೆ, ಇರಲಿ.

ಆಮೇಲೆ ‘ಘಾಚರ್ ಘೋಚರ್’ ಕೂಡ ಇನ್ನೊಮ್ಮೆ ಓದಿದೆ. ಅನಿತಾ ಮೇಲೆ ಈ ಸಲ ಪ್ರೀತಿ ಉಕ್ಕೀತು ಎಂದು ಕಾದಿದ್ದೆ, ಉಕ್ಕಲಿಲ್ಲ. ಅವಳು ಎದುರು ಮಾತಾಡಿದಾಗಲೆಲ್ಲ ಸಿಟ್ಟು ಅದೇ ಹಳೆಯ ಜಾಗದಿಂದ ಎದ್ದು ಬಂತು. ಈ ಸಲ ಪೆನ್ಸಿಲ್ ಹಿಡಿದು ಕೂತಿದ್ದೆ, ಸಿಟ್ಟು ಬಂದ ಕಡೆಯಲ್ಲೆಲ್ಲ ಅಂಚಿನಲ್ಲಿ ಒಂದು ಗೀಟು ಎಳೆದೆ. ಒಂದೊಂದು ಗೀಟಿನ ಪಕ್ಕದಲ್ಲೂ ಅವಳು ಕೇಳಿದ ಒಂದು ಪ್ರಶ್ನೆಯಿದೆ. ಪುಸ್ತಕವನ್ನು ಹಾಗೆಯೇ ಸೊಸೆಗೆ ವಾಪಸು ಕೊಟ್ಟಿದ್ದೇನೆ, ಗೀಟುಗಳನ್ನು ಅಳಿಸಿಲ್ಲ.