ಎಷ್ಟ ತಗೀಲಿ?

ಕತ್ತರಿ ಒಂದೇ, ಕೆಲಸ ಎರಡು. ಸೀಳಿದ ತುದಿಯನ್ನಷ್ಟೇ ತೆಗೆದು ಉಳಿದದ್ದನ್ನು ತಲೆಯ ಮೇಲೇ ಬಿಡೋದು ಒಂದು. ತಲೆಯನ್ನೇ ಬೋಳು ಮಾಡಿ ಕಳಿಸೋದು ಇನ್ನೊಂದು. ನೇರ ಕೂದಲಿನ ಜನಕ್ಕೆ ಇವೆರಡರ ನಡುವೆ ಅಂಥ ಅಂತರ ಕಾಣಲಿಕ್ಕಿಲ್ಲ. ಹೋದದ್ದು ಮತ್ತೆ ಬರುತ್ತೆ ಅಂತ ಕೊರಳ ಬಟ್ಟೆ ಕೊಡವಿ ಎದ್ದು ಹೋಗುತ್ತಾರೆ. ನಾವು ಹಾಗೆ ಎದ್ದು ಬಂದವರಲ್ಲ. ನಾವು ಸಿದ್ದಿಗಳು. ನಮ್ಮ ತಲೆಯ ಮೇಲೆ ಕತ್ತರಿ ಆಡಿಸಿದವರಲ್ಲಿ ಹೆಚ್ಚಿನವರು ನಮ್ಮನ್ನು ಕೇಳಿ ಆಡಿಸಿದವರಲ್ಲ.

'ದೇಶದಲ್ಲಿ ಕೂಲಿ ಇಲ್ಲ, ಭೂಮಿ ಇಲ್ಲ, ಇವರಿಗೆ ತಲೆಗೂದಲಿನ ಚಿಂತೆ' ಅಂತ ಗೆಳೆಯರು ನಗಬಹುದು. ನಗಲಿ. ಕೂಲಿಯ ಮಾತನ್ನೂ ಆಡುತ್ತಲೇ ಇದ್ದೇವೆ, 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಹಿಡಿದು ತಿರುಗುತ್ತಲೂ ಇದ್ದೇವೆ. ಆದರೆ ಯಾವ ಕಚೇರಿಯ ಬಾಗಿಲಿಗೆ ಹೋದರೂ ನಮ್ಮ ಅರ್ಜಿಗಿಂತ ಮುಂಚೆ ಒಳಗೆ ಹೋಗೋದು ನಮ್ಮ ಕೂದಲು. ಗುಮಾಸ್ತ ಮೊದಲು ತಲೆ ನೋಡುತ್ತಾನೆ, ಆಮೇಲೆ ಕಾಗದ. 'ಎಲ್ಲಿಯವರು ನೀವು? ಆಫ್ರಿಕಾದವರಾ?' ಅಂತ ಕೇಳುತ್ತಾನೆ. ಚಿಗಳ್ಳಿಯವರು ಸ್ವಾಮಿ, ಮುಂಡಗೋಡ ತಾಲ್ಲೂಕು, ಅಂದರೆ ನಂಬೋದಿಲ್ಲ.

ಚಿಗಳ್ಳಿಯಲ್ಲಿ ನಮ್ಮದು ಎರಡೇ ಮನೆ. ಯಲ್ಲಾಪುರದ ಕಾಡಿನ ಕಡೆಯಿಂದ ನಮ್ಮ ಅಪ್ಪಂದಿರು ಭತ್ತದ ಗದ್ದೆಯ ಕೂಲಿಗೆ ಬಂದು ಇಲ್ಲೇ ನಿಂತರು. ಬಳಗ ಪೂರಾ ಯಲ್ಲಾಪುರ, ಹಳಿಯಾಳ, ಅಂಕೋಲಾ, ಜೋಯಿಡಾದ ಕಾಡಂಚಿನಲ್ಲಿದೆ. ಪೋರ್ಚುಗೀಸರು, ಅರಬರು ಆಫ್ರಿಕಾದ ಪೂರ್ವ ಕರಾವಳಿಯಿಂದ ಹಡಗಿನಲ್ಲಿ ತುಂಬಿ ತಂದು ಮಾರಿದ ಜನದ ಮಕ್ಕಳು ನಾವು. ಗೋವೆಯ ಧಣಿಗಳಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರು ಕಾಡಿನಲ್ಲಿ ಉಳಿದರು. ಪೋರ್ಚುಗಲ್ಲು ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿದ್ದು 1869ರಲ್ಲಿ. ಭಾರತ ಸರ್ಕಾರ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡವೆಂದು ಬರೆದುಕೊಂಡಿದ್ದು 2003ರಲ್ಲಿ. ನಡುವೆ ಎಷ್ಟು ತಲೆಮಾರು ಹೋಯಿತು, ನೀವೇ ಎಣಿಸಿ. ಭಾಷೆ ಹೋಯಿತು, ಹೆಸರು ಹೋಯಿತು. ದೇವರೂ ಮೂರು ಪಾಲಾಗಿ ನಮ್ಮಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೂವರಿಗೂ ಉಳಿದದ್ದು ತಲೆಯ ಮೇಲಿನ ಈ ಸುರುಳಿ.

ಬಸ್ಸಿನಲ್ಲಿ ಹಿಂದಿನ ಸೀಟಿನವರು ಕೇಳದೆ ಕೈ ಹಾಕುತ್ತಾರೆ. ಎಳೆದು ಬಿಟ್ಟು 'ಸ್ಪ್ರಿಂಗು' ಅಂತ ನಗುತ್ತಾರೆ. ಶಾಲೆಯಲ್ಲಿ ನಮಗೆಲ್ಲ ಒಂದೇ ಹೆಸರು, ಸಾಯಿಬಾಬಾ. ಪುಟ್ಟಪರ್ತಿಯ ಬಾಬಾರ ತಲೆಯ ಮೇಲಿದ್ದಾಗ ಇಂಥದೇ ಕೂದಲಿಗೆ ಕೈ ಮುಗಿದ ಜನ, ನಮ್ಮ ತಲೆಯ ಮೇಲೆ ಕಂಡರೆ ಕೊಳಕು ಅಂದರು. ಕೂದಲು ಒಂದೇ ಥರದ್ದು, ತಲೆ ಬೇರೆ!

ಈ ಕೂದಲಿನ ಗುಣ ತಿಳಿಯದವರು ಇದನ್ನು ಕತ್ತರಿಸಬಾರದು ಅನ್ನೋದು ನಮ್ಮ ಮಾತು. ಯಾಕೆ ಅಂದರೆ, ನೇರ ಕೂದಲಿನ ಬೇರು ಚರ್ಮದೊಳಗೆ ನೆಟ್ಟಗೆ ನಿಂತಿರುತ್ತದೆ, ನಮ್ಮದು ಕೊಂಕಿಕೊಂಡಿರುತ್ತದೆ. ಎಳೆಯನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವರದು ದುಂಡಗೆ, ನಮ್ಮದು ಚಪ್ಪಟೆ. ನೆತ್ತಿಯಲ್ಲಿ ಹುಟ್ಟುವ ಜಿಡ್ಡು ನೇರ ಕೂದಲಿನಲ್ಲಿ ಜಾರಿ ತುದಿಯವರೆಗೂ ಇಳಿಯುತ್ತದೆ. ನಮ್ಮಲ್ಲಿ ಅದು ಘಟ್ಟದ ರಸ್ತೆಯ ಬಸ್ಸು, ನಾಲ್ಕು ತಿರುವು ದಾಟುವಷ್ಟರಲ್ಲಿ ಸೋತು ನಿಲ್ಲುತ್ತದೆ. ಅದಕ್ಕೇ ತುದಿ ಒಣಗುತ್ತದೆ, ಸೀಳುತ್ತದೆ. ಒಂದೊಂದು ತಿರುವೂ ಮುರಿಯುವ ಜಾಗ. ಸಣ್ಣ ಹಲ್ಲಿನ ಹಣಿಗೆ ಹಿಡಿದು ಬುಡದಿಂದ ಜಗ್ಗಿದರೆ ಕೈಗೆ ಬರೋದು ಸಿಕ್ಕಲ್ಲ, ತುಂಡು ಕೂದಲು.

ನೀರು ಹಚ್ಚಿ ಎಳೆದರೆ ಗೇಣುದ್ದ ಬರುವ ಜಡೆ ಒಣಗಿದ ಮೇಲೆ ನಾಲ್ಕು ಬೆರಳಿಗೆ ಮುದುರಿ ಕೂರುತ್ತದೆ. ಕಟಿಂಗ್ ಅಂಗಡಿಯಲ್ಲಿ ಮೊದಲು ಮಾಡೋದು ಏನು? ಫುಸ್ ಫುಸ್ ಅಂತ ನೀರು ಹೊಡೆಯೋದು. ಎಳೆದು ಹಿಡಿದು 'ಇಷ್ಟ ಐತಿ, ಸ್ವಲ್ಪ ತಗೀತೀನಿ' ಅಂತ ಕಚಕ್ ಅನಿಸೋದು. ಅವನ ಲೆಕ್ಕದಲ್ಲಿ ಅದು ತುದಿ. ಒಣಗಿದ ಮೇಲೆ ನೋಡಿದರೆ ಅರ್ಧ ತಲೆಯೇ ಹೋಗಿರುತ್ತದೆ. ಮೋಸ ಮಾಡಿದ ಅನ್ನಲಾರೆವು. ಅವನ ಕಣ್ಣಿನ ಅಳತೆ ಬೇರೆ ಕೂದಲಿನ ಮೇಲೆ ಕಲಿತದ್ದು.

ತುದಿ ಕತ್ತರಿಸಿದರೆ ಬೇಗ ಬೆಳೆಯುತ್ತೆ ಅನ್ನೋ ಮಾತು ಊರೆಲ್ಲ ಇದೆ. ಅದು ಸುಳ್ಳು. ಕೂದಲು ಬೆಳೆಯೋದು ಬುಡದಿಂದ, ತಿಂಗಳಿಗೆ ಸುಮಾರು 1 ಸೆಂಟಿಮೀಟರು, ನಮ್ಮಂಥದ್ದು ಅದಕ್ಕೂ ಚೂರು ಕಡಿಮೆ. ತುದಿಯಲ್ಲಿ ಏನಾಯಿತು ಅಂತ ಬುಡಕ್ಕೆ ಗೊತ್ತಾಗೋದಿಲ್ಲ. ಹಾಗಂತ ಸೀಳಿದ ತುದಿಯನ್ನು ಬಿಟ್ಟರೆ ಸೀಳು ಮೇಲಕ್ಕೆ ಹತ್ತಿ ಕೂದಲು ನಡುವಿನಲ್ಲೇ ಮುರಿಯುತ್ತದೆ. ಬೆಳೆದದ್ದು ಅತ್ತ, ಮುರಿದದ್ದು ಇತ್ತ, 'ನಿಮ್ಮ ಕೂದಲು ಬೆಳೆಯೋದೇ ಇಲ್ಲ' ಅನ್ನೋ ಮಾತು ಹುಟ್ಟಿದ್ದು ಹೀಗೆ. ತುದಿ ತೆಗೆಯೋದು ಬೆಳೆಸಲಿಕ್ಕಲ್ಲ, ಬೆಳೆದದ್ದನ್ನು ಉಳಿಸಲಿಕ್ಕೆ. ನಮ್ಮ ಆಯಿ ಇದನ್ನು ಯಾವ ಪುಸ್ತಕದಲ್ಲೂ ಓದಿದವಳಲ್ಲ. ರವಿವಾರ ಕೊಬ್ಬರಿ ಎಣ್ಣೆ ಹಚ್ಚಿ, ಬೆರಳಿನಿಂದಲೇ ತುದಿಯ ಕಡೆಯಿಂದ ಸಿಕ್ಕು ಬಿಡಿಸಿಕೊಂಡು ಮೇಲೆ ಬರುತ್ತಿದ್ದಳು. ಒಣ ಕೂದಲನ್ನು ಒಂದೊಂದೇ ಸುರುಳಿ ಹಿಡಿದು, ಸೀಳಿದ್ದಷ್ಟನ್ನು ಕತ್ತರಿಸುತ್ತಿದ್ದಳು. ಪ್ರತಿ ಸಲ ಕೇಳುತ್ತಿದ್ದಳು, 'ಎಷ್ಟ ತಗೀಲಿ?' ಆರು ವರ್ಷದ ಹುಡುಗಿಗೂ ಕೇಳುತ್ತಿದ್ದಳು.

ಮನೆ ಬಿಟ್ಟ ಮೇಲೆ ಆ ಪ್ರಶ್ನೆ ನಮಗೆ ಸಿಗಲಿಲ್ಲ. ನಾವು ಓದಿದ ಒಂದು ಹಾಸ್ಟೆಲಿನಲ್ಲಿ ಜೂನ್ ತಿಂಗಳ ಮೊದಲ ವಾರ ಮಷೀನು ಬರುತ್ತಿತ್ತು. ಬೇರೆ ಹುಡುಗರಿಗೆ ಕಟಿಂಗು, ನಮಗೆ ಝೀರೋ. ಬೇರೆ ಹುಡುಗಿಯರಿಗೆ ಎರಡು ಜಡೆ, ರಿಬ್ಬನ್ನು. ನಮ್ಮ ಹುಡುಗಿಯರಿಗೆ 'ಇದ್ರಾಗ ಹೇನ ಹೊಕ್ರ ಹುಡುಕೂದ್ಯಾರು?' ಅಂತ ಗಂಡು ಹುಡುಗರ ಹಾಗೆ ತಲೆ. ನುಣ್ಣಗೆ ಹೆರೆದ ಕೊಂಕು ಕೂದಲು ಮತ್ತೆ ಹುಟ್ಟುವಾಗ ತಿರುಗಿ ಚರ್ಮದೊಳಗೇ ಚುಚ್ಚಿಕೊಳ್ಳುತ್ತದೆ. ಹೆಡಕಿನ ತುಂಬ ಗುಳ್ಳೆ ಏಳುತ್ತದೆ, ಕೀವಾಗುತ್ತದೆ. ಅದನ್ನು ನೋಡಿ 'ಇವರಿಗೆ ಸ್ವಚ್ಛತೆ ಇಲ್ಲ' ಅಂದರು. ಬೋಳಿಸಿದವರೂ ಅವರೇ, ಹೊಲಸು ಅಂದವರೂ ಅವರೇ. ಈಗ ಮಾಸ್ತರಾಗಿರುವ ಗೆಳೆಯರೇ, ನಿಮ್ಮ ಶಾಲೆಯಲ್ಲಿ ಇಂಥ ತಲೆಯ ಮಗು ಇದ್ದರೆ ಜೂನ್ ತಿಂಗಳಲ್ಲಿ ಸ್ವಲ್ಪ ಕಣ್ಣಿಡಿ.

ನಮ್ಮ ಎರಡು ಮನೆಯ ಪಕ್ಕದಲ್ಲೇ ಕೇರಿ ಇದೆ. ಕೇರಿಯ ಗೆಳೆಯರ ಕೂದಲು ನೇರ. ಅವರ ಕೂದಲಿಗೆ ಯಾವ ವಿದ್ಯೆಯೂ ಬೇಕಿಲ್ಲ. ಆದರೂ ಅವರ ಅಪ್ಪಂದಿರು ಒಬ್ಬರ ತಲೆ ಒಬ್ಬರು ಕತ್ತರಿಸಿಕೊಂಡೇ ಬೆಳೆದವರು. ನಮ್ಮ ತಲೆ ಮುಟ್ಟಲು ಬರೋದಿಲ್ಲ ಅಂದರು, ಅವರ ತಲೆ ಮುಟ್ಟೋದೇ ಇಲ್ಲ ಅಂದರು. ಬರದಿದ್ದರೆ ಕಲಿಸಬಹುದು. ಮುಟ್ಟೋದಿಲ್ಲ ಅನ್ನುವವನಿಗೆ ಏನು ಕಲಿಸೋದು?

ಬಾಬಾಸಾಹೇಬರು ತಮ್ಮ ಬಾಲ್ಯದ ಸಾತಾರೆಯ ಬಗ್ಗೆ ಬರೆದದ್ದು ನೆನಪಾಗುತ್ತದೆ. ಊರಲ್ಲಿ ಕ್ಷೌರಿಕರಿದ್ದರು, ಕೊಡಲು ದುಡ್ಡೂ ಇತ್ತು. ಆದರೂ ಅಸ್ಪೃಶ್ಯನ ತಲೆ ಮುಟ್ಟಲು ಯಾರೂ ಒಪ್ಪಲಿಲ್ಲ. ಹುಡುಗರ ಕೂದಲು ಕತ್ತರಿಸುತ್ತಿದ್ದವಳು ಅವರ ಅಕ್ಕ. ಮಾಡಿ ಮಾಡಿ ಅವಳಿಗೆ ಅದರಲ್ಲಿ ಒಳ್ಳೆ ಕೈ ಕುದುರಿತ್ತು. ಈ ದೇಶದ ಸಂವಿಧಾನ ಬರೆದ ತಲೆಯನ್ನು ಮೊದಲು ನೇರ್ಪು ಮಾಡಿದ ಕೈ ಯಾವ ಅಂಗಡಿಯದೂ ಅಲ್ಲ, ಒಬ್ಬ ಅಕ್ಕನದು.

ಅದು ಹಳೇ ಕಾಲ ಅನ್ನಬೇಡಿ. 2020ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ದಲಿತರ ಕೂದಲು ಕತ್ತರಿಸಿದ್ದಕ್ಕೆ ತನಗೆ 50,000 ರೂಪಾಯಿ ದಂಡ, ಬಹಿಷ್ಕಾರ ಹಾಕಿದ್ದಾರೆ ಅಂತ ಕ್ಷೌರಿಕನೊಬ್ಬ ದೂರಿದ. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರಕ್ಕೆ ಹೋದ ದಲಿತ ತರುಣ ಕತ್ತರಿಯ ಇರಿತಕ್ಕೆ ಸತ್ತ. ತಲೆ ಕೊಟ್ಟು ಕಣ್ಣು ಮುಚ್ಚಿ ಕೂರೋದು ಅಂದರೆ ಏನು ಅಂತ ಆ ಸುದ್ದಿ ಓದಿದ ದಿನ ಕೇರಿಯ ಹುಡುಗರು ನಮ್ಮ ಜಗುಲಿಯಲ್ಲಿ ಕೂತು ಬಹಳ ಹೊತ್ತು ಮಾತಾಡಿದರು. ಕತ್ತರಿ ಹಿಡಿದವನಿಗೆ ಕೊರಳು ಒಪ್ಪಿಸಬೇಕಲ್ಲ. ನಂಬಿಕೆ ಅನ್ನೋದು ಅಲ್ಲಿ ದೊಡ್ಡ ಮಾತಲ್ಲ, ಜೀವದ ಮಾತು.

ಕಾನೂನು ಇದೆ. ಜಾತಿಯ ಕಾರಣಕ್ಕೆ ಅಂಗಡಿಯೊಳಗೆ ಬಿಡದಿರುವುದು, ಸೇವೆ ನಿರಾಕರಿಸುವುದು 1955ರ ಕಾಯ್ದೆಯಲ್ಲೇ ಅಪರಾಧ. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಿಟ್ಟರು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾದಾಗ, ಪರಿಶಿಷ್ಟ ಜಾತಿ, ಪಂಗಡದವರ ತಲೆಯನ್ನು ಬಲವಂತದಿಂದ ಬೋಳಿಸುವುದು, ಮೀಸೆ ತೆಗೆಯುವುದು ದೌರ್ಜನ್ಯದ ಪಟ್ಟಿಗೆ ಹೆಸರು ಹೇಳಿ ಸೇರಿತು. ಪಾರ್ಲಿಮೆಂಟಿನಲ್ಲಿ ಕೂತು ಕೂದಲಿನ ಬಗ್ಗೆ ಕಾನೂನು ಮಾಡಬೇಕಾದ ದೇಶ ಇದು. ಇದನ್ನು ಶೋಕಿಯ ಮಾತು ಅಂತ ಯಾರು ಹೇಳಿದ್ದು?

ಕ್ಷೌರಿಕನನ್ನೇ ವೈರಿ ಮಾಡಿ ಮನೆಗೆ ಹೋಗೋದು ಸುಲಭ. ಆದರೆ ಅವನ ಬಾಳೂ ನೋಡಬೇಕು. ಹಡಪದ, ನಾವಿ, ಭಂಡಾರಿ ಅಂತ ಬೇರೆ ಬೇರೆ ಹೆಸರಿನ ಈ ಜನ ಆಯದ ಕಾಳಿಗೆ ಊರ ತಲೆಗಳನ್ನು ನೇರ್ಪು ಮಾಡಿದವರು. ಸುಗ್ಗಿಯಲ್ಲಿ ಮೊರದ ತುಂಬ ಕಾಳು ಕೊಡುವ ಗೌಡನ ಮಾತು ಮೀರಿ ಕೇರಿಯ ತಲೆ ಮುಟ್ಟಿದರೆ ಕಾಳು ನಿಂತಿತು ಅಂತಲೇ ಲೆಕ್ಕ. ಹನ್ನೆರಡನೇ ಶತಮಾನದಲ್ಲಿ ಬಸವಣ್ಣನ ಸಂಗಾತಿಯಾಗಿ ವಚನ ಬರೆದ ಹಡಪದ ಅಪ್ಪಣ್ಣನ ಕುಲದವರ ಕಸುಬಿನ ಹೆಸರನ್ನೇ ಈಗಲೂ ಬೈಗುಳ ಮಾಡಿಕೊಂಡಿದ್ದಾರೆ. ಬೆಳಿಗ್ಗೆ ಅವನ ಮುಂದೆ ಗದ್ದ ಎತ್ತಿ ಕೂತವನೇ ಸಂಜೆ ಆ ಹೆಸರಿನಿಂದ ಇನ್ನೊಬ್ಬನನ್ನು ಬೈಯುತ್ತಾನೆ. ಮುಂಬಯಿಯಲ್ಲಿ 1890ರಲ್ಲಿ ಫುಲೆಯವರ ಸತ್ಯಶೋಧಕ ಬಳಗದ ನಾರಾಯಣ ಮೇಘಾಜಿ ಲೋಖಂಡೆ ಕ್ಷೌರಿಕರನ್ನು ಸೇರಿಸಿದಾಗ, ವಿಧವೆಯರ ತಲೆ ಬೋಳಿಸೋದಿಲ್ಲ ಅಂತ ಅವರು ನಿಂತರು. ಕತ್ತರಿ ಕೆಳಗಿಟ್ಟದ್ದೂ ಒಂದು ಬಂಡಾಯವೇ. ಬೇಡ ಅನ್ನುವ ತಲೆಯನ್ನು ಬೋಳಿಸದೆ ಇರುವುದು, ಬೇಕು ಅನ್ನುವ ತಲೆಯನ್ನು ಮುಟ್ಟುವುದು, ಎರಡನ್ನೂ ಅವರಿಂದ ಕೇಳುವ ಹಕ್ಕು ನಮಗಿದೆ, ಜೊತೆಗೆ ನಿಲ್ಲುವ ಸಾಲವೂ ಇದೆ.

ಪೇಟೆಯಲ್ಲಿ ಒಬ್ಬ ಹಡಪದರ ಹುಡುಗ ಇದ್ದಾನೆ. ಮೊದಲ ಸಲ ಹೋದಾಗ ನೇರವಾಗಿ ಹೇಳಿದ, 'ಅಣ್ಣಾ, ಇಂಥಾ ಕೂದಲಾ ನಾ ಮಾಡಿಲ್ಲ. ಕೆಟ್ರ ಬೈಬ್ಯಾಡ್ರಿ.' ಬರೋದಿಲ್ಲ ಅಂತ ಒಪ್ಪಿಕೊಂಡ ಮೊದಲ ಕ್ಷೌರಿಕ. ನೀರು ಹೊಡೀಬ್ಯಾಡ, ಒಣಗಿದ್ದನ್ನೇ ಕತ್ತರಿಸು, ಸುರುಳಿ ಎಳೀಬ್ಯಾಡ ಅಂದೆವು. ಅರ್ಧ ತಾಸಿನ ಕೆಲಸಕ್ಕೆ ಒಂದೂವರೆ ತಾಸು ಹಿಡಿಯಿತು. ಹಿಂದೆ ಕಾದು ಕೂತವರು ಗೊಣಗಿದರು. ಹುಡುಗ ತಲೆ ಎತ್ತಲಿಲ್ಲ. ಪ್ರತಿ ಸುರುಳಿಗೂ ಕನ್ನಡಿಯಲ್ಲಿ ನಮ್ಮ ಮುಖ ನೋಡುತ್ತಿದ್ದ, ಸಾಕೋ, ಇನ್ನೂ ಬೇಕೋ ಅಂತ. ಈಗ ನಮ್ಮ ಬಳಗದವರು ಹಳಿಯಾಳದಿಂದ ಬಂದರೂ ಅವನಲ್ಲಿಗೇ ಹೋಗುತ್ತಾರೆ. ಕೇರಿಯವರೂ ಹೋಗುತ್ತಾರೆ, ಅದೇ ಕುರ್ಚಿ, ಅದೇ ಬಟ್ಟೆ.

ಸಮುದ್ರದ ಆಚೆಯೂ ಕೂದಲು ಸುಮ್ಮನೆ ಕೂದಲಾಗಿರಲಿಲ್ಲ. ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರ 1950ರ ಜನಸಂಖ್ಯಾ ನೋಂದಣಿ ಕಾಯ್ದೆಯಲ್ಲಿ ಮನುಷ್ಯರನ್ನು ಬಣ್ಣ ಬಣ್ಣವಾಗಿ ವಿಂಗಡಿಸಿತು. ಅನುಮಾನ ಬಂದ ಕಡೆ ತಲೆಗೆ ಪೆನ್ಸಿಲ್ ಸಿಕ್ಕಿಸುತ್ತಿದ್ದರು. ಜಾರಿ ಬಿದ್ದರೆ ಬಿಳಿಯ, ಸಿಕ್ಕಿಕೊಂಡು ನಿಂತರೆ ಅಲ್ಲ. ಆ ಕಾಯ್ದೆ ಹೋದದ್ದು 1991ರಲ್ಲಿ. ಅಮೆರಿಕದಲ್ಲಿ ಕಪ್ಪು ಜನ ಕೂದಲನ್ನು ಸುಟ್ಟು ನೇರ ಮಾಡಿಕೊಳ್ಳೋದನ್ನು ಬಿಟ್ಟು, ಇದ್ದ ಹಾಗೇ ಬೆಳೆಯಲು ಬಿಟ್ಟಾಗ ಅದೇ ಒಂದು ಬಾವುಟವಾಯಿತು. 1970ರಲ್ಲಿ ಏಂಜೆಲಾ ಡೇವಿಸ್‌ರನ್ನು ಪೊಲೀಸರು ಹುಡುಕುವಾಗ ಅಂಥದೇ ಕೂದಲಿನ ಎಷ್ಟೋ ಹೆಂಗಸರನ್ನು ಬೀದಿಯಲ್ಲಿ ತಡೆದರು. ಆ ನಾಡಿನ ಪ್ಯಾಂಥರುಗಳ ಹೆಸರನ್ನೇ 1972ರಲ್ಲಿ ಮುಂಬಯಿಯ ದಲಿತ ತರುಣರು ತಮ್ಮದು ಮಾಡಿಕೊಂಡರು. ಕೂದಲಿನ ಕಾರಣಕ್ಕೆ ಕೆಲಸದಲ್ಲಿ, ಶಾಲೆಯಲ್ಲಿ ಭೇದ ಮಾಡಬಾರದು ಅಂತ ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಕಾನೂನು ಮಾಡಿತು. ನಮ್ಮಲ್ಲಿ ಅಂಥ ಕಾನೂನು ಕೇಳಿದರೆ ನಗುತ್ತಾರೆ.

ನಗುವ ಹೊತ್ತಿಗೆ ನಮ್ಮ ಮನೆಯ ಹುಡುಗಿಗೆ ಹುಬ್ಬಳ್ಳಿಯಿಂದ ಒಂದು ಕೆಲಸದ ಕರೆ ಬಂದಿದೆ. ಗಿರಾಕಿಗಳ ಮುಂದೆ ನಿಲ್ಲುವ ಕೆಲಸ. ಸಂಬಳ ಪರವಾಗಿಲ್ಲ. 'ಹೇರ್ ಸ್ಟ್ರೇಟ್ ಮಾಡಿಸಿಕೊಂಡು ಬನ್ನಿ, ಚೆನ್ನಾಗಿ ಕಾಣುತ್ತೆ' ಅಂದಿದ್ದಾರಂತೆ. ಸಿಟ್ಟಿನಿಂದಲ್ಲ, ನಯವಾಗಿಯೇ. ಪಾರ್ಲರಿನ ಆ ಮದ್ದು ಕೂದಲೊಳಗಿನ ಗಂಧಕದ ಕಟ್ಟುಗಳನ್ನು ಮುರಿದು ಸುರುಳಿ ಬಿಚ್ಚುತ್ತದೆ. ಬುಡದಿಂದ ಹುಟ್ಟುವ ಹೊಸ ಕೂದಲು ಮತ್ತೆ ಸುರುಳಿಯೇ. ಹಾಗಾಗಿ ಒಂದು ಸಲ ಹೋದವಳು ಮತ್ತೆ ಮತ್ತೆ ಹೋಗಬೇಕು. ಹಳತು ಹೊಸತು ಕೂಡುವ ಜಾಗದಲ್ಲಿ ಕೂದಲು ಮುರಿಯುತ್ತದೆ. ಬೇಡವಾದರೆ ಬಿಡಿಸಿಕೊಳ್ಳುವ ಮದ್ದಿಲ್ಲ, ಕತ್ತರಿಸಿಯೇ ತೆಗೆಯಬೇಕು.

ನಾವು ಇದನ್ನೆಲ್ಲ ಅವಳಿಗೆ ಹೇಳಿದೆವು. ಹೋಗಬೇಡ ಅನ್ನಲಿಲ್ಲ, ಕೂಲಿಯ ದಿನಗಳು ಎಷ್ಟು ಸಿಗುತ್ತವೆ ಅನ್ನೋದು ಅವಳಿಗೂ ಗೊತ್ತು. 'ಪಗಾರ ಬರೂದು ಕೂದಲಕ್ಕೋ, ಕೆಲಸಕ್ಕೋ?' ಅಂತ ಕೇಳಿದಳು. ಆ ಮಾತನ್ನು ಅವರಿಗೇ ಕಾಗದದಲ್ಲಿ ಬರಿ ಅಂದೆವು. ಇದ್ದ ಹಾಗೇ ಬಂದರೆ ಕೆಲಸ ಕೊಡುತ್ತೀರೋ ಇಲ್ಲವೋ, ಕೊಡೋದಿಲ್ಲವಾದರೆ ಕಾರಣ ಬರೆದು ಕೊಡಿ ಅಂತ ಬರೆದಿದ್ದಾಳೆ. ಕಾಗದ ಮೊನ್ನೆ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ.