ಫೇಲಾದ ಮರುದಿನ ಯಾರೂ ಹೇಳದ ತಾರೀಕು

ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ನಮ್ಮ ಐದೂ ತಾಲ್ಲೂಕಿನಲ್ಲಿ ಒಂದೇ ನೋಟ. ಕೂಡ್ಲಿಗಿ ಕಡೆಯ ಹಳ್ಳಿಯಾಗಲಿ, ಹಡಗಲಿ ಕಡೆಯದಾಗಲಿ, ನೆಟ್‌ವರ್ಕ್ ಸಿಗುವ ಕಟ್ಟೆ ಮೇಲೆ ಒಂದು ಫೋನ್, ಅದರ ಸುತ್ತ ಹತ್ತು ತಲೆ. ಪಾಸಾದವರ ಮನೆಯಿಂದ ಪೇಢೆ ಬರುತ್ತದೆ, ಸಂಜೆಯೊಳಗೆ ಸ್ಟೇಟಸ್ ತುಂಬ ಫೋಟೊ. ಫೇಲಾದವರು ಮಾತ್ರ ಸದ್ದಿಲ್ಲದೆ ಎದ್ದು ಹೋಗುತ್ತಾರೆ. ಎಲ್ಲಿಗೆ ಹೋದರು ಅಂತ ಪತ್ರಿಕೋದ್ಯಮ ಓದಿದ ನಾವೂ ಬೆನ್ನತ್ತಿ ಕೇಳಿದವರಲ್ಲ.

ಕೇಳಬೇಕಿತ್ತು. ಯಾಕಂದ್ರೆ ನಮ್ಮ ಗುಂಪಿನಲ್ಲೇ ಇಬ್ಬರು ಎಸ್ಸೆಸ್ಸೆಲ್ಸಿ ಫೇಲಾದವರಿದ್ದೇವೆ. ಇಬ್ಬರಿಗೂ ಕೈಕೊಟ್ಟಿದ್ದು ಗಣಿತ. ಆಗ ಮೂರು ಪರೀಕ್ಷೆ ಇರಲಿಲ್ಲ, ಜೂನ್ ತಿಂಗಳಲ್ಲಿ ಒಂದು ಪೂರಕ ಪರೀಕ್ಷೆ ಇರುತ್ತಿತ್ತು. ನಮ್ಮಲ್ಲೊಬ್ಬರ ಸೋದರಮಾವ ಮೇಷ್ಟ್ರು. ಅವರೇ ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ ಅರ್ಜಿ ಹಾಕಿಸಿದರು. ಜೂನ್‌ನಲ್ಲಿ ಬರೆದು, ಪಾಸಾಗಿ, ಅದೇ ವರ್ಷ ಕಾಲೇಜು ಸೇರಿದ್ದಾಯಿತು. ಇನ್ನೊಬ್ಬರಿಗೆ ಅಂಥ ಮಾವ ಇರಲಿಲ್ಲ. ಶಾಲೆಗೆ ಹೋಗಿ ಕೇಳಿದರೆ "ಮುಂದಿನ ಮಾರ್ಚಿಗೆ ಕಟ್ಟೀಯಂತ, ಹೋಗು" ಅಂದು ಕಳಿಸಿದರು. ಪೂರಕ ಪರೀಕ್ಷೆಗೆ ಅರ್ಜಿ ಹಾಕಲು ಇನ್ನೂ ನಾಲ್ಕು ದಿನ ಇತ್ತು ಅನ್ನುವುದು ಗೊತ್ತಾಗಿದ್ದು ವರ್ಷ ಕಳೆದ ಮೇಲೆ. ಆ ವರ್ಷ ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋಯಿತು. ಇಬ್ಬರ ಬುದ್ಧಿಯಲ್ಲಿ ದೊಡ್ಡ ಫರಕೇನೂ ಇರಲಿಲ್ಲ. ಒಬ್ಬರಿಗೆ ತಾರೀಕು ಗೊತ್ತಿತ್ತು, ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ.

ಈಗ ದಾರಿಗಳು ಆಗಿಗಿಂತ ಹೆಚ್ಚಿವೆ. 2023-24ರಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ನಡೆಸಲು ಶುರು ಮಾಡಿತು. 'ಪೂರಕ' ಅನ್ನುವ ಹೆಸರನ್ನೇ ತೆಗೆದು ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಅಂತ ಕರೆದರು. ಫೇಲಾದ ವಿಷಯ ಮಾತ್ರ ಮತ್ತೆ ಬರೆದರೆ ಸಾಕು, ಪಾಸಾದ ವಿಷಯ ಹಾಗೇ ಉಳಿಯುತ್ತದೆ. ಪಾಸಾಗಿಯೂ ಅಂಕ ಕಮ್ಮಿ ಬಂತು ಅನ್ನುವವರೂ ಬರೆಯಬಹುದು, ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದೇ ಲೆಕ್ಕಕ್ಕೆ. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಪಾಸಿನ ಗೆರೆಯನ್ನೂ ಶೇ 35ರಿಂದ 33ಕ್ಕೆ ಇಳಿಸುವುದಾಗಿ ಹೇಳಿತು. ಅಂದರೆ 625ಕ್ಕೆ 206. ಇದರಿಂದ ಓದಿನ ಮಟ್ಟ ಬೀಳುತ್ತದೆ ಅಂತ ಪೇಟೆಯಲ್ಲಿ ವಾದ ನಡೆದೇ ಇದೆ. ನಡೆಯಲಿ. ಗಣಿತದ ಮೇಷ್ಟ್ರ ಖುರ್ಚಿ ಅರ್ಧ ವರ್ಷ ಖಾಲಿ ಬಿದ್ದಿದ್ದ ಶಾಲೆಯಲ್ಲಿ ಓದಿದವರು ನಾವು. ನಮಗೆ ಆ ವಾದದಲ್ಲಿ ಆಸಕ್ತಿ ಕಡಿಮೆ.

ತೊಂದರೆ ಇರುವುದು ದಿನಗಳ ಲೆಕ್ಕದಲ್ಲಿ. 2025ನ್ನೇ ತಗೊಳ್ಳಿ. ಮೇ 2ಕ್ಕೆ ಪರೀಕ್ಷೆ-1ರ ರಿಸಲ್ಟ್. ಮೇ 26ಕ್ಕೆ ಪರೀಕ್ಷೆ-2 ಶುರು. ನಡುವೆ ಇದ್ದಿದ್ದು ಇಪ್ಪತ್ತಮೂರು ದಿನ, ಅದರೊಳಗೇ ಅರ್ಜಿ ಹಾಕುವ ಗಡುವೂ ಮುಗಿಯಬೇಕು. ಜುಲೈ 5ಕ್ಕೆ ಪರೀಕ್ಷೆ-3. ಶಾಲೆಗೆ ಬೇಸಿಗೆ ರಜೆ, ಮೇಷ್ಟ್ರು ಊರಲ್ಲಿಲ್ಲ, ಅಪ್ಪ-ಅವ್ವ ಗುಳೆ ಹೋಗಿದ್ದಾರೆ, ಫೇಲಾದ ಕೂಸಿನ ಕೈಯಲ್ಲಿ ಫೋನೂ ಇಲ್ಲ. ವೆಬ್‌ಸೈಟಿನಲ್ಲಿ ಹಾಕಿದ್ದೇವೆ ಅಂದರೆ ಯಾರಿಗೆ ಹೇಳಿದಂತಾಯಿತು?

ಹರಪನಹಳ್ಳಿ ತಾಲ್ಲೂಕಿನ ಒಂದು ತಾಂಡಾಕ್ಕೆ ಬೇರೆ ಸುದ್ದಿಗೆ ಹೋಗಿದ್ದೆವು, ಆ ವರ್ಷದ ಜೂನ್ ಶುರುವಿನಲ್ಲಿ. ಅಲ್ಲೊಬ್ಬಳು ಹುಡುಗಿ, ಅಜ್ಜಿ ಜೊತೆ ಇದ್ದಳು. ಗಣಿತ, ವಿಜ್ಞಾನ ಎರಡರಲ್ಲಿ ಉಳಿದಿದ್ದಳು. ಪರೀಕ್ಷೆ-2 ಬರೆದೆಯಾ ಅಂದರೆ, "ಅದು ಯಾವಾಗ ಐತ್ರಿ?" ಅಂದಳು. ಹಿಂದಿನ ದಿನವಷ್ಟೇ ಮುಗಿದಿತ್ತು. ಅಜ್ಜಿ ಒಳಗಿನಿಂದಲೇ, "ಫೇಲಾದ ಮ್ಯಾಲ ಇನ್ನೇನೈತಿ ಬಿಡ್ರಿ. ಶ್ರಾವಣ ಬರ್ಲಿ, ಒಂದ್ ಕಡಿ ಕೇಳ್ಯಾರ" ಅಂದರು. ಹುಡುಗಿಗೆ ಹದಿನಾರು. ಪಾಸಾಗಿದ್ದರೆ ಹಾಸ್ಟೆಲ್, ಕಾಲೇಜು ಅಂತ ಇನ್ನೆರಡು ವರ್ಷ ಆ ಮಾತು ಮನೆಗೆ ಬರುತ್ತಿರಲಿಲ್ಲ. ಹದಿನೆಂಟಕ್ಕೆ ಮುಂಚೆ ಮದುವೆ ಅಪರಾಧ ಅನ್ನುವುದು ಅಜ್ಜಿಗೂ ಗೊತ್ತು. ಆದರೆ "ಮನ್ಯಾಗ ಕುಂತ ಹುಡುಗಿ" ಅನ್ನುವ ಮಾತಿನ ಮುಂದೆ ಕಾನೂನು ಸೋಲುವುದನ್ನು ನಾವು ನಮ್ಮ ಕೇರಿಗಳಲ್ಲೇ ನೋಡಿದ್ದೇವೆ.

ಅವತ್ತು ನಮ್ಮ ಸುದ್ದಿ ಬಿಟ್ಟು ಅವಳ ಶಾಲೆಗೆ ಹೋದೆವು. ಅಲ್ಲಿನ ಮುಖ್ಯ ಶಿಕ್ಷಕರು ಒಳ್ಳೆಯವರು, ಅವರೇ ಪರೀಕ್ಷೆ-3ಕ್ಕೆ ಹೆಸರು ಸೇರಿಸಿದರು. ನಾವು ಬರುವವರೆಗೆ ಅವರಿಗೂ ಆ ತಾಂಡಾದ ದಾರಿ ನೆನಪಾಗಿರಲಿಲ್ಲ. ಅದನ್ನು ಅವರೇ ಹೇಳಿಕೊಂಡರು.

ಇನ್ನೊಂದು ಥರದವರಿದ್ದಾರೆ. ಹತ್ತನೆಯ ತರಗತಿವರೆಗೆ ಬಂದೇ ಇಲ್ಲದವರು. ಕೊಟ್ಟೂರಿನಲ್ಲಿ ಬಟ್ಟೆ ಹೊಲಿಯುವ ಅಕ್ಕ ಒಬ್ಬರು ಒಂಬತ್ತಕ್ಕೇ ಶಾಲೆ ಬಿಟ್ಟವರು. ಈಗ ಅಂಗನವಾಡಿ ಸಹಾಯಕಿ ಕೆಲಸಕ್ಕೂ ಹತ್ತನೆಯದು ಕೇಳುತ್ತಾರೆ. "ಈ ವಯಸ್ಸಿನ್ಯಾಗ ನನ್ನ ಯಾರ್ ಸಾಲಿಗೆ ಸೇರಿಸ್ಕೋತಾರ?" ಅಂತ ನಕ್ಕರು. ಸಾಲಿಗೆ ಸೇರಬೇಕಿಲ್ಲ ಅಕ್ಕಾ ಅಂತ ಕೂತು ಹೇಳಿದೆವು. ಹದಿನೈದು ತುಂಬಿದವರು ಖಾಸಗಿ ಅಭ್ಯರ್ಥಿಯಾಗಿ ಮಂಡಳಿಯ ಎಸ್ಸೆಸ್ಸೆಲ್ಸಿಯನ್ನೇ ನೇರವಾಗಿ ಬರೆಯಬಹುದು. ಅರ್ಜಿ ಹಾಕಲು ಮಾರ್ಚ್ ಹತ್ತಿರ ಬರಲಿ ಅಂತ ಕಾಯಬಾರದು, ಪರೀಕ್ಷೆಗೆ ಎಷ್ಟೋ ತಿಂಗಳು ಮೊದಲೇ ಅದು ಮುಗಿದಿರುತ್ತದೆ. ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಈಗಲೇ ಕೇಳಿಡಬೇಕು.

ಆರು ವಿಷಯ ಒಟ್ಟಿಗೆ ಆಗದು ಅನ್ನುವವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐಒಎಸ್, ಇದೆ. 1989ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಹದಿನಾಲ್ಕು ತುಂಬಿದ್ದರೆ ಸಾಕು. ಐದು ವಿಷಯ ಆರಿಸಿಕೊಳ್ಳಬೇಕು, ಅದರಲ್ಲೊಂದು ಭಾಷೆ ಇರಲೇಬೇಕು. ಗಣಿತ ಕಡ್ಡಾಯ ಅಲ್ಲ. (ಇದನ್ನು ಬರೆಯುವಾಗ ನಮ್ಮಿಬ್ಬರ ಹೊಟ್ಟೆ ಸ್ವಲ್ಪ ಉರಿಯಿತು.) ಐದು ವರ್ಷದಲ್ಲಿ ಒಂಬತ್ತು ಅವಕಾಶ, ಒಂದೊಂದೇ ವಿಷಯ ಮುಗಿಸುತ್ತಾ ಹೋಗಬಹುದು. ರಾಜ್ಯ ಮಂಡಳಿಯಲ್ಲಿ ಪಾಸಾದ ಎರಡು ವಿಷಯದವರೆಗೆ ಅಂಕ ವರ್ಗಾಯಿಸಿಕೊಳ್ಳಲೂ ಬರುತ್ತದೆ. ಸೇರುವ ಮುಂಚೆ ಎರಡು ಮಾತು ಕೇಳಿ: ನೀವು ಆರಿಸುವ ವಿಷಯದ ಪುಸ್ತಕ ಯಾವ ಭಾಷೆಯಲ್ಲಿ ಸಿಗುತ್ತದೆ, ಪರೀಕ್ಷಾ ಕೇಂದ್ರ ಎಲ್ಲಿ. ಮುಂದೆ ಯಾವ ಕೋರ್ಸಿಗೆ ಗಣಿತ, ವಿಜ್ಞಾನ ಬೇಕೇಬೇಕು ಅನ್ನುವುದನ್ನೂ ನೋಡಿಕೊಳ್ಳಿ. ಇಲ್ಲದಿದ್ದರೆ ಪಾಸಾದ ಮೇಲೆ ಬಾಗಿಲು ಮುಚ್ಚಿಕೊಳ್ಳುತ್ತದೆ.

ಬಸ್ ಸ್ಟ್ಯಾಂಡ್ ಗೋಡೆಗೆ ಅಂಟಿಸಿದ "ಎಸ್ಸೆಸ್ಸೆಲ್ಸಿ ಫೇಲಾದವರಿಗೆ ನೇರ ಪಾಸ್, ಗ್ಯಾರಂಟಿ" ಅನ್ನುವ ಚೀಟಿ ನಂಬಿ ಹೋಗಬೇಡಿ. ಪರೀಕ್ಷೆ ಬರೆಯದೆ ಮಾರ್ಕ್ಸ್ ಕಾರ್ಡ್ ಕೊಡುತ್ತೇನೆ ಅನ್ನುವವನು ಯಾವ ಮಂಡಳಿಯ ಹೆಸರು ಹೇಳಿದರೂ ಅದು ಸುಳ್ಳೇ. ನಮ್ಮ ಊರ ಕಡೆಯ ಹುಡುಗನೊಬ್ಬ ಇಪ್ಪತ್ತು ಸಾವಿರ ಕೊಟ್ಟು ತಂದ ಕಾರ್ಡು ಕೆಲಸದ ಅರ್ಜಿಯ ಪರಿಶೀಲನೆಯಲ್ಲಿ ಸಿಕ್ಕಿಬಿತ್ತು. ದುಡ್ಡು ಹೋಯಿತು, ಈಗ ಕೇಸಿನ ಭಯ ಬೇರೆ.

ನಮ್ಮ ತಪ್ಪನ್ನೂ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ರಿಸಲ್ಟ್ ದಿನ ನಾವು ಬರೆದಿದ್ದೆಲ್ಲ ಶೇಕಡಾವಾರು, ಜಿಲ್ಲೆಗೆ ಎಷ್ಟನೇ ಸ್ಥಾನ, 620ರ ಮೇಲೆ ತೆಗೆದವರ ಫೋಟೊ. ವಿಜಯನಗರ ಜಿಲ್ಲೆ ಮೇಲೇರಿತೋ ಕೆಳಗಿಳಿಯಿತೋ ಅನ್ನುವುದೇ ತಲೆಬರಹ. ಮುಂದಿನ ಪರೀಕ್ಷೆಗೆ ಅರ್ಜಿ ಹಾಕುವ ಕೊನೆ ದಿನ ಯಾವುದು ಅಂತ ಒಂದು ಸಾಲೂ ಬರೆಯಲಿಲ್ಲ. ಆ ಸಾಲು ಬೇಕಾಗಿದ್ದವರು ಎದ್ದು ಹೋಗಿದ್ದರು.

ಈ ಸಲ ರಿಸಲ್ಟ್ ಬಂದ ಸಂಜೆಯೇ ಆ ತಾರೀಕನ್ನು ಧ್ವನಿಯಲ್ಲಿ, ಲಂಬಾಣಿಯಲ್ಲೂ ಹೇಳಿ ವಾಟ್ಸಾಪಿಗೆ ಬಿಡುತ್ತೇವೆ. ಅದು ನಿಮ್ಮ ಫೋನಿಗೆ ಬಂದಾಗ ನಿಮ್ಮ ಮನೆಯಲ್ಲಿ ಯಾರೂ ಫೇಲಾಗಿಲ್ಲ ಅಂತ ಅಳಿಸಬೇಡಿ. ಓಣಿಯಲ್ಲಿ ಯಾವ ಹುಡುಗ ಎರಡು ದಿನದಿಂದ ಹೊರಗೆ ಬಂದಿಲ್ಲ ಅನ್ನುವುದು ನಿಮಗೆ ಗೊತ್ತಿರುತ್ತದೆ, ನಮಗೆ ಗೊತ್ತಿರುವುದಿಲ್ಲ.

ಆ ತಾಂಡಾದ ಹುಡುಗಿ ಪರೀಕ್ಷೆ-3ರಲ್ಲಿ ವಿಜ್ಞಾನ ಪಾಸು ಮಾಡಿಕೊಂಡಳು. ಗಣಿತ ಇನ್ನೂ ಉಳಿದಿದೆ. ಮೊನ್ನೆ ಅಜ್ಜಿಯ ಫೋನಿನಿಂದ ಮಿಸ್ ಕಾಲ್ ಕೊಟ್ಟಿದ್ದಳು. ವಾಪಸ್ ಮಾಡಿದರೆ ಕೇಳಿದ್ದು ಒಂದೇ: "ಅಣ್ಣಾ, ಅರ್ಜಿ ಯಾವಾಗ?"