ಸವೆಯಬೇಕಾದದ್ದು ಸವೆಯಲಿ

ಊರಿಗೆ ಬಂದಾಗಲೆಲ್ಲ ಶಿವಮೊಗ್ಗದ ಗೆಳೆಯರು ಕೇಳುವ ಮೊದಲ ಪ್ರಶ್ನೆ ಚಳಿಯದು. ಎರಡನೆಯದು, ಅಷ್ಟೊಂದು ಹಿಮದಲ್ಲಿ ಜನ ಓಡಾಡುವುದು ಹೇಗೆ ಎಂಬುದು. ಸ್ನೋಮೊಬೈಲ್ ಎಂದರೆ ಅವರಿಗೆ ಸಿನಿಮಾದಲ್ಲಿ ಖಳನಾಯಕರು ಹೀರೋನನ್ನು ಬೆನ್ನಟ್ಟುವ ದೃಶ್ಯ ನೆನಪಾಗುತ್ತದೆ. ಗುಲ್ಮಾರ್ಗಿಗೆ ಪ್ರವಾಸ ಹೋಗಿ ಬಂದವರು ಅದರ ಮೇಲೆ ಕೂತು ತೆಗೆಸಿಕೊಂಡ ಫೋಟೋ ತೋರಿಸುತ್ತಾರೆ. ಮುಂದೆ ಎರಡು ಸ್ಕೀ, ಹಿಂದೆ ಒಂದು ಅಗಲವಾದ ರಬ್ಬರ್ ಪಟ್ಟಿ, ಹಿಡಿಯಲು ಬೈಕಿನಂಥ ಹ್ಯಾಂಡಲ್ಲು. ನೋಡಲು ಆಟದ ಸಾಮಾನಿನಂತೆಯೇ ಇದೆ. ಆದರೆ ನಾನಿರುವ ಕಡೆ ಅದು ಹೊಟ್ಟೆಪಾಡಿನ ಗಾಡಿ. ನಮ್ಮ ಮಲೆನಾಡಿನ ಕಾಡುರಸ್ತೆಗೆ ಜೀಪು ಇದ್ದಂತೆ.

ನಾನು ಕೆಲವು ವರ್ಷಗಳಿಂದ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಥಾಂಪ್ಸನ್ ಎಂಬ ಊರಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ನಿಕಲ್ ಗಣಿಗಾಗಿ 1950ರ ದಶಕದ ಕೊನೆಯಲ್ಲಿ ಕಾಡಿನ ನಡುವೆ ಎಬ್ಬಿಸಿದ ಊರಿದು. ಪ್ರಾಂತ್ಯದ ರಾಜಧಾನಿ ವಿನಿಪೆಗ್‌ನಿಂದ ಉತ್ತರಕ್ಕೆ 700 ಕಿಲೋಮೀಟರಿಗೂ ಹೆಚ್ಚಿನ ದಾರಿ. ಜನವರಿಯಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಇಳಿಯುವ ದಿನಗಳುಂಟು. ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಒಂದೇ ಅಂಕಿ ತೋರಿಸುವ ಚಳಿ ಅದು. ರಾತ್ರಿ ಕಾರಿನ ಎಂಜಿನ್ ಮರಗಟ್ಟದಿರಲೆಂದು ಅದನ್ನು ಕರೆಂಟಿನ ಪ್ಲಗ್ಗಿಗೆ ಸಿಕ್ಕಿಸಿ ಮಲಗುತ್ತೇವೆ. ಸುತ್ತಲಿನ ಕಾಡು, ಕೆರೆ, ನದಿಗಳೆಲ್ಲ ಕ್ರೀ ಎಂಬ ಮೂಲನಿವಾಸಿಗಳ ನೆಲ. ಡಾಂಬರು ಮುಗಿದಲ್ಲಿಂದ ಅವರ ಬೇಟೆ, ಬೋನು, ಮೀನುಬಲೆಗಳ ಲೋಕ ಶುರುವಾಗುತ್ತದೆ. ಹಿಂದೆ ಅಲ್ಲಿ ನಾಯಿಗಳು ಎಳೆಯುವ ಬಂಡಿಗಳಿದ್ದವು. 1960ರ ದಶಕದಿಂದೀಚೆಗೆ ಆ ಜಾಗವನ್ನು ಸ್ನೋಮೊಬೈಲ್ ಹಿಡಿಯಿತು.

ಈ ಗಾಡಿಯ ಹುಟ್ಟಿನ ಹಿಂದೆ ಒಬ್ಬ ಗ್ಯಾರೇಜಿನವನಿದ್ದಾನೆ ಎಂಬುದು ನನಗೆ ಮೆಚ್ಚುಗೆಯ ಸಂಗತಿ. ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಹಳ್ಳಿಯ ಜೋಸೆಫ್ ಅರ್ಮಾನ್ ಬೊಂಬಾರ್ಡಿಯೇ 1926ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಸ್ವಂತ ಗ್ಯಾರೇಜು ತೆರೆದ. ಹಿಮದ ಮೇಲೆ ಓಡುವ ಗಾಡಿ ಮಾಡಬೇಕೆಂಬ ಹುಚ್ಚು ಅವನಿಗೆ ಹುಡುಗನಾಗಿದ್ದಾಗಲೇ ಇತ್ತು. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗುವಿಗೆ ಅಪೆಂಡಿಸೈಟಿಸ್ ಆಗಿ ಹೊಟ್ಟೆಯೊಳಗೆ ನಂಜೇರಿತು. ಹಿಮ ಬಿದ್ದು ರಸ್ತೆಗಳು ಮುಚ್ಚಿದ್ದವು. ಆಸ್ಪತ್ರೆಗೆ ಒಯ್ಯಲು ದಾರಿಯಿಲ್ಲದೆ ಮಗು ತೀರಿಕೊಂಡಿತು. ಮೂರು ವರ್ಷಗಳ ಬಳಿಕ, 1937ರಲ್ಲಿ, ಹಲ್ಲುಚಕ್ರ ಮತ್ತು ರಬ್ಬರ್ ಪಟ್ಟಿಯಿಂದ ಹಿಮದ ಮೇಲೆ ಓಡುವ ಏರ್ಪಾಟಿಗೆ ಅವನಿಗೆ ಪೇಟೆಂಟ್ ಸಿಕ್ಕಿತು. ಏಳು ಜನ ಕೂರುವ ಗಾಡಿ ತಯಾರಾಯಿತು. ಒಬ್ಬಿಬ್ಬರು ಹತ್ತಿ ಹೋಗಬಹುದಾದ ಸಣ್ಣ ಸ್ಕೀ-ಡೂ ಮಾರುಕಟ್ಟೆಗೆ ಬಂದದ್ದು 1959ರಲ್ಲಿ.

ಈಗ ಬುಷ್ಷಿನ ವಿಷಯಕ್ಕೆ ಬರುತ್ತೇನೆ. ನನ್ನ ಅಬ್ಬ ಶಿವಮೊಗ್ಗದಲ್ಲಿ ನಲವತ್ತು ವರ್ಷ ಗ್ಯಾರೇಜು ನಡೆಸಿದವರು. ಮಲೆನಾಡಿನ ಮಳೆ, ಕೆಸರು, ಗುಂಡಿಗಳನ್ನು ದಾಟಿ ಬರುವ ಜೀಪು, ಮೆಟಾಡೋರುಗಳ ಕೆಳಗೆ ಮಲಗಿಯೇ ಅವರ ಆಯುಷ್ಯ ಕಳೆಯಿತು. ಬೇಸಿಗೆ ರಜೆಯಲ್ಲಿ ನಾನು ಸ್ಪ್ಯಾನರ್ ಎತ್ತಿಕೊಡುವ ಹುಡುಗ. ಒಮ್ಮೆ ಜೀಪಿನ ಸ್ಪ್ರಿಂಗಿನಿಂದ ಬೆರಳುಗಾತ್ರದ, ಒಂದು ಕಡೆ ತಿಂದುಹೋದ ಬುಷ್ ತೆಗೆದು ಅಂಗೈಮೇಲಿಟ್ಟು ಹೇಳಿದ್ದರು: "ಬೇಟಾ, ಇದು ಹಾಳಾದ ಸಾಮಾನಲ್ಲ. ಕೆಲಸ ಮುಗಿಸಿದ ಸಾಮಾನು." ಎರಡು ಕಬ್ಬಿಣಗಳು ಒಂದರೊಳಗೊಂದು ತಿರುಗುವಾಗ ಯಾವುದಾದರೂ ಒಂದು ಸವೆಯಲೇಬೇಕು. ನಡುವೆ ಮೆತ್ತನೆಯ ಬುಷ್ ಇಟ್ಟರೆ ಅದು ಸವೆಯುತ್ತದೆ, ಕಬ್ಬಿಣ ಉಳಿಯುತ್ತದೆ. ಅದು ಇರುವುದೇ ಸವೆಯುವುದಕ್ಕೆ. ಪೂರ್ತಿ ಸವೆದ ಮೇಲೂ ಬದಲಿಸದೆ ಬಿಟ್ಟರೆ ಮಾತ್ರ ಸವೆತ ದೊಡ್ಡ ಸಾಮಾನಿಗೆ ದಾಟುತ್ತದೆ.

ನಮ್ಮ ಬೀದಿಯ ಕೊನೆಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಕ್ರೀ ಹಿರಿಯರಿದ್ದಾರೆ. ಶಾಲೆಯ ಮಕ್ಕಳು ಅವರನ್ನು ಮೋಶುಮ್ ಎನ್ನುತ್ತವೆ. ಅವರ ಭಾಷೆಯಲ್ಲಿ ಹಾಗೆಂದರೆ ಅಜ್ಜ. ನಾನೂ ಹಾಗೆಯೇ ಕರೆಯುತ್ತೇನೆ. ಚಳಿಗಾಲದಲ್ಲಿ ಅವರು ಒಬ್ಬರೇ ಗಾಡಿ ಹತ್ತಿ ಬೋನು ಹಾಕುವ ಕಾಡಿಗೆ ಹೋಗುತ್ತಾರೆ, ಅಲ್ಲಿನ ಮರದ ಗುಡಿಸಿಲಲ್ಲಿ ವಾರಗಟ್ಟಲೆ ಇರುತ್ತಾರೆ. ಕಳೆದ ಚಳಿಗಾಲದ ಒಂದು ಸಂಜೆ ಅವರ ಗಾಡಿ ಬೀದಿಯಲ್ಲಿ ಬರುವುದನ್ನು ಕಂಡೆ. ಸ್ಕೀಗಳು ಹಿಂದಿನವರ ಜಾಡು ಸಿಕ್ಕಿದ ಕಡೆಗೆಲ್ಲ ತಾವಾಗಿಯೇ ಎಳೆದುಕೊಂಡು ಹೋಗುತ್ತಿದ್ದವು. ಅಜ್ಜ ಹ್ಯಾಂಡಲ್ಲಿನ ಜೊತೆ ಕುಸ್ತಿಯಾಡುತ್ತಿದ್ದರು. "ಮೋಶುಮ್, ಗಾಡಿ ನಿಮ್ಮ ಮಾತು ಕೇಳುತ್ತಿಲ್ಲ" ಎಂದೆ. "ಇಬ್ಬರಿಗೂ ವಯಸ್ಸಾಯಿತು ಮೇಷ್ಟ್ರೇ, ಎಂಜಿನ್ ಓಡುತ್ತದಲ್ಲ, ಸಾಕು" ಎಂದು ನಕ್ಕರು.

ಸಾಕು ಎಂದು ನಾನೂ ಸುಮ್ಮನಿರಬಹುದಿತ್ತು. ಆದರೆ ಅವರು ಹೋಗುವ ದಾರಿ ನದಿಯ ಮಂಜುಗಡ್ಡೆಯ ಮೇಲಿನದು. ಈ ಭಾಗದ ಬರ್ಂಟ್‌ವುಡ್ ನದಿಗೆ 1976-77ರಿಂದ ಚರ್ಚಿಲ್ ನದಿಯ ನೀರನ್ನು ತಿರುಗಿಸಲಾಗಿದೆ, ಕೆಳಗಿನ ಜಲವಿದ್ಯುತ್ ಕೇಂದ್ರಗಳಿಗಾಗಿ. ಚಳಿಗಾಲದ ನಡುವೆಯೇ ನೀರಿನ ಮಟ್ಟ ಏರಿಳಿಯುತ್ತದೆ. ನೀರು ಇಳಿದರೆ ಗಡ್ಡೆಯ ಕೆಳಗೆ ಟೊಳ್ಳು, ಏರಿದರೆ ಹಿಮದಡಿಯಲ್ಲಿ ಕೆಸರಿನಂಥ ನೀರು. ಅಜ್ಜನ ತಂದೆಯ ಕಾಲಕ್ಕೆ ಗೊತ್ತಿದ್ದ ಗಟ್ಟಿ ಜಾಗಗಳು ಈಗ ನಂಬಿಕೆಗೆ ಅರ್ಹವಲ್ಲ. ಅಂಥಲ್ಲಿ ಒಂದು ಮಾರು ಎಡಕ್ಕೋ ಬಲಕ್ಕೋ ಎಂಬುದು ಜೀವದ ಪ್ರಶ್ನೆ. ಹ್ಯಾಂಡಲ್ ತಿರುಗಿಸಿದ ಕಡೆ ಸ್ಕೀ ತಿರುಗಲೇಬೇಕು.

ಎರಡು ಸಂಜೆ ನನ್ನ ಮನೆಯ ಶೆಡ್ಡಿನಲ್ಲಿ, ಹೀಟರ್ ಹಚ್ಚಿಕೊಂಡು, ಇಬ್ಬರೂ ಕೂತೆವು. ಗಾಡಿಯ ಮೂತಿಗೆ ಜಾಕ್ ಕೊಟ್ಟು ಸ್ಕೀಗಳು ನೆಲ ಬಿಡುವಷ್ಟು ಎತ್ತಿದೆ. ಸ್ಕೀಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಒಳಗೆ ಹೊರಗೆ ಅಲ್ಲಾಡಿಸಿದೆ. ಟಕ್ ಟಕ್ ಎಂದಿತು. ಹೀಗೆ ಅಲ್ಲಾಡುವುದಕ್ಕೆ ಗ್ಯಾರೇಜಿನಲ್ಲಿ ಪ್ಲೇ ಎನ್ನುತ್ತಾರೆ. ಎಲ್ಲಿಂದ ಬರುತ್ತಿದೆ ಎಂದು ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಒಬ್ಬರು ಅಲ್ಲಾಡಿಸುವಾಗ ಇನ್ನೊಬ್ಬರು ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ನೋಡಬೇಕು. ಅಜ್ಜ ಬೆರಳಿಟ್ಟರು. ಕೆಳಗಿನ ತೋಳುಗಳ ಕೀಲುಗಳಲ್ಲಿ ಬುಷ್ ಹೋಗಿತ್ತು.

ಈ ಗಾಡಿಯಲ್ಲಿ ಒಂದೊಂದು ಸ್ಕೀಯನ್ನು ಮೇಲೊಂದು ಕೆಳಗೊಂದು ತ್ರಿಕೋನಾಕಾರದ ತೋಳು ಹಿಡಿದಿರುತ್ತದೆ. ಪ್ರತಿ ತೋಳಿಗೆ ಗಾಡಿಯ ಕಡೆ ಎರಡು ಕೀಲು. ಪ್ರತಿ ಕೀಲಿನಲ್ಲಿ ಎರಡೂ ಬದಿಯಿಂದ ತೂರಿಸಿದ ನೈಲಾನ್ ಬುಷ್ಷುಗಳು, ಅವುಗಳೊಳಗೆ ಒಂದು ಉಕ್ಕಿನ ಕೊಳವೆ, ಕೊಳವೆಯೊಳಗೆ ಬೋಲ್ಟು. ಬೋಲ್ಟು ಬಿಗಿದಾಗ ಕೊಳವೆ ಅಲುಗದೆ ನಿಲ್ಲುತ್ತದೆ, ಅದರ ಸುತ್ತ ಬುಷ್ ತಿರುಗುತ್ತದೆ. ಹಾಗಾಗಿ ಕೊಳವೆ ಬುಷ್ಷಿಗಿಂತ ಒಂದು ಕೂದಲೆಳೆ ಉದ್ದವಿರಬೇಕು. ಕಡಿಮೆಯಾದರೆ ಬೋಲ್ಟು ಬುಷ್ಷನ್ನೇ ಹಿಸುಕಿ ತೋಳು ಹಿಡಿದುಕೊಳ್ಳುತ್ತದೆ.

ಬೋಲ್ಟುಗಳು ಸುಲಭಕ್ಕೆ ಬರಲಿಲ್ಲ. ಕೀಲಿನೊಳಗೆ ನೀರು ಸೇರಿ, ಹೆಪ್ಪುಗಟ್ಟಿ, ಕರಗಿ, ಉಕ್ಕಿಗೂ ಅಲ್ಯೂಮಿನಿಯಮ್ಮಿಗೂ ನಡುವೆ ತುಕ್ಕು ಕೂತಿತ್ತು. ಊರಿನ ಗ್ಯಾರೇಜಿನಲ್ಲಾದರೆ ಬೆಂಕಿ ತೋರಿಸುತ್ತಿದ್ದರು. ಇಲ್ಲಿ ಹಾಗಲ್ಲ. ಬೆಂಕಿಗೆ ಅಲ್ಯೂಮಿನಿಯಂ ಚೌಕಟ್ಟು ಬಲ ಕಳೆದುಕೊಳ್ಳುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾದೆವು. ಮರುದಿನ ಸ್ವಲ್ಪ ಬಿಗಿಯುವುದು, ಸ್ವಲ್ಪ ಸಡಿಲಿಸುವುದು, ಮತ್ತೆ ಎಣ್ಣೆ. ಕೊನೆಗೆ ಬಂತು. ಒಳಗಿನ ಬುಷ್ ಒಂದು ಬದಿ ಕಾಗದದಷ್ಟು ತೆಳುವಾಗಿತ್ತು. ಇನ್ನು ಕೆಲವೇ ದಿನಗಳಲ್ಲಿ ಬೋಲ್ಟು ಚೌಕಟ್ಟಿನ ತೂತನ್ನು ಮೊಟ್ಟೆಯಾಕಾರಕ್ಕೆ ತಿರುಚುತ್ತಿತ್ತು. ತೂತು ಹಾಗಾದರೆ ಅದಕ್ಕೆ ಯಾವ ಬುಷ್ಷೂ ನಿಲ್ಲುವುದಿಲ್ಲ. ಬುಷ್ಷಿನ ಬೆಲೆ ಒಂದು ಹೊತ್ತಿನ ಊಟದ್ದು. ಹೊಸ ಗಾಡಿಗೆ 15,000 ಡಾಲರಿಗೂ ಮೇಲೆ.

ಕೊಳವೆಯಲ್ಲಿ ಗೆರೆ ಬಿದ್ದವುಗಳನ್ನೂ ಬದಲಿಸಿದೆವು. ಹೊಸ ಬುಷ್ಷುಗಳನ್ನು ಒತ್ತಿ ಕೂರಿಸಿ, ಚಳಿಗೆ ಗಟ್ಟಿಯಾಗದ ಗ್ರೀಸು ಸವರಿದೆವು. ಮಾಮೂಲಿ ಗ್ರೀಸು ಇಲ್ಲಿಯ ಚಳಿಗೆ ಮೇಣವಾಗಿಬಿಡುತ್ತದೆ. ನಟ್ಟುಗಳು ಒಳಗೆ ನೈಲಾನ್ ಉಂಗುರವಿರುವ, ತಾವಾಗಿ ಸಡಿಲವಾಗದಂಥವು. ಒಮ್ಮೆ ಬಿಚ್ಚಿದ ಮೇಲೆ ಅವುಗಳ ಹಿಡಿತ ಕಡಿಮೆಯಾಗುತ್ತದೆ, ಹಾಗಾಗಿ ಹೊಸವೇ ಬೇಕು. ಬಿಗಿದ ಮೇಲೆ ತೋಳನ್ನು ಎತ್ತಿ ಬಿಟ್ಟೆ. ಎಲ್ಲೂ ಹಿಡಿಯದೆ ನಿಧಾನಕ್ಕೆ ಕೆಳಗಿಳಿಯಿತು, ಪಕ್ಕಕ್ಕೆ ಅಲ್ಲಾಡಲಿಲ್ಲ. ಆಮೇಲೆ ಶಾಕ್ ಅಬ್ಸಾರ್ಬರ್ ಜೋಡಿಸಿ, ಹಿಂದಿನ ಪಟ್ಟಿಯ ಪಕ್ಕಕ್ಕೆ ನೇರವಾದ ಮರದ ರೀಪು ಹಿಡಿದು ಸ್ಕೀಗಳ ನೇರವನ್ನು ಸರಿಮಾಡಿದೆವು. ಸವೆದ ಬುಷ್ಷಿನ ಜೊತೆ ಈ ಅಳತೆ ಹಿಡಿಯಲು ಹೋದರೆ ಅದು ನೀರಿನ ಮೇಲೆ ಗೆರೆ ಎಳೆದಂತೆ.

ಕೆಲಸದ ನಡುವೆ ಅಜ್ಜ ಕೇಳಿದರು: "ಗಣಿತದ ಮೇಷ್ಟ್ರಿಗೆ ಇದೆಲ್ಲ ಹೇಗೆ ಗೊತ್ತು?" ಅಬ್ಬನ ಗ್ಯಾರೇಜಿನ ಕತೆ ಹೇಳಿದೆ. ಹತ್ತನೇ ತರಗತಿ ಮುಗಿದ ದಿನ ನನ್ನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು, "ಇನ್ನು ಇತ್ತ ಬರಬೇಡ" ಎಂದದ್ದನ್ನೂ ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ಬುಷ್ಷನ್ನೇ ತಿರುಗಿಸಿ ನೋಡುತ್ತಿದ್ದು, ತಮ್ಮ ಮಗನಿಗೆ ಬೋನು ಹಾಕಲು ಕಲಿಸಲಿಲ್ಲ ಎಂದರು. ಕಲಿಸಲಿಲ್ಲವೋ ಕಲಿಯಲಿಲ್ಲವೋ ಎಂದು ನಾನು ಕೇಳಲಿಲ್ಲ.

ಅಬ್ಬನ ನಿರ್ಧಾರ ತಪ್ಪು ಎನ್ನಲಾರೆ. ನಮ್ಮಲ್ಲಿ ಓದು ಬಿಟ್ಟ ಹುಡುಗನಿಗೆ ಗ್ಯಾರೇಜು, ಓದಿದ ಹುಡುಗನಿಗೆ ಆಫೀಸು ಎಂದು ಎಂದೋ ಹಂಚಿಕೆಯಾಗಿದೆ. ಹತ್ತರ ವಯಸ್ಸಿಗೇ ಗಾಡಿಯಡಿ ತೂರಿದ ಎಷ್ಟೋ ಹುಡುಗರನ್ನು ಅವರು ಕಂಡಿದ್ದರು. ಮಗ ಅವರಲ್ಲೊಬ್ಬನಾಗಬಾರದೆಂಬ ಆಸೆ ನ್ಯಾಯವಾದದ್ದೇ. ಆದರೆ ಈ ಹಂಚಿಕೆಯಲ್ಲಿ ಓದಿಗೂ ನಷ್ಟ, ಕಸುಬಿಗೂ ನಷ್ಟ. ಕಸುಬಿನವನ ಕೈಗೆ ಪುಸ್ತಕ ಸಿಗಲಿಲ್ಲ. ಪುಸ್ತಕದವನು ಕೈಯನ್ನೇ ಮರೆತ. ಬೊಂಬಾರ್ಡಿಯೇ ಗ್ಯಾರೇಜಿನಲ್ಲಿ ಕೂತೇ ಓದಿದವನು, ಗೀಚಿದವನು, ಬೆಸೆದವನು. ಆ ಮೂರೂ ಒಬ್ಬನಲ್ಲಿ ಕೂಡಿದ್ದರಿಂದ ಹಿಮದಲ್ಲಿ ದಾರಿ ತೆರೆಯಿತು.

ಅಬ್ಬನ ಅಂಗೈ ಈಗ ಪೂರ್ತಿ ಮಡಚುವುದಿಲ್ಲ. ಮಂಡಿ ಸವೆದಿದೆ ಎಂದು ಡಾಕ್ಟರು ಹೇಳಿದ್ದಾರೆ. ಆ ಮಂಡಿ ನಮ್ಮ ಮನೆಯ ಬುಷ್ ಆಗಿತ್ತು. ನಮಗೆ ತಗಲಬೇಕಾದ ಏಟುಗಳನ್ನೆಲ್ಲ ಅದೇ ತಿಂದಿತು, ನಾವು ಮೂವರು ಮಕ್ಕಳು ಓದಿದೆವು. ಯಂತ್ರದ ಬುಷ್ಷನ್ನಾದರೆ ಬದಲಿಸಬಹುದು. ಮನೆಗಳಲ್ಲಿ ಸವೆಯುವವರನ್ನು ಆಗಾಗ ಕೈಯಿಟ್ಟು ನೋಡುವುದಷ್ಟೇ ನಮ್ಮಿಂದಾಗುವ ಕೆಲಸ.

ಅಜ್ಜ ಕಾಡಿಗೆ ಹೋದರು, ಹನ್ನೊಂದು ದಿನದ ಮೇಲೆ ಬಂದರು. ಗಾಡಿ ಈಗ ಮಾತು ಕೇಳುತ್ತದೆ ಎಂದಷ್ಟೇ ಹೇಳಿ ಒಂದು ದೊಡ್ಡ ಮೀನು ಕೊಟ್ಟು ಹೋದರು. ಆ ರಾತ್ರಿ ಅಬ್ಬನಿಗೆ ಫೋನು ಮಾಡಿ ಎಲ್ಲ ಹೇಳಿದೆ. "ಇದಕ್ಕಾ ನಿನ್ನನ್ನು ಅಷ್ಟು ಓದಿಸಿದ್ದು?" ಎಂದರು. ಆಮೇಲೆ ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಫೋನು ಇಟ್ಟರೇನೋ ಎಂದುಕೊಳ್ಳುವಷ್ಟರಲ್ಲಿ ಕೇಳಿದರು: "ನಟ್ಟು ಹೊಸದು ಹಾಕಿದೆ ತಾನೆ? ಹಳೇದನ್ನೇ ಬಿಗಿದಿಲ್ಲವಲ್ಲ?"

ಹೊಸದೇ ಹಾಕಿದೆ ಎಂದೆ.